ಬೇಸೋಫಿಲ್ ಸೊನ್ನೆ ಬಂದರೆ

ರಕ್ತಪರೀಕ್ಷೆಯ ವರದಿಯಲ್ಲಿ ಬೇಸೋಫಿಲ್ ಎಂಬ ಬಿಳಿ ರಕ್ತಕಣದ ಎದುರಿಗೆ ಸೊನ್ನೆ ಕಂಡರೆ ಮೈಯಲ್ಲಿ ಏನೋ ಬರಿದಾಗಿದೆ ಎಂದು ಗಾಬರಿಬೀಳುವವರಿದ್ದಾರೆ. ಇನ್ನೊಂದು ಬಗೆಯ ಬಿಳಿ ಕಣವಾದ ಇಯೋಸಿನೋಫಿಲ್ ನೂರಕ್ಕೆ ಮೂರಿದ್ದದ್ದು ಆರಾಯಿತೆಂದರೆ ‘ಎರಡು ಪಟ್ಟಾಗಿದೆ, ರಕ್ತ ಕೆಟ್ಟಿದೆ’ ಎಂದು ರಕ್ತಶುದ್ಧಿಯ ಮದ್ದಿಗೆ ಹೊರಟವರಿಗಂತೂ ಲೆಕ್ಕವಿಲ್ಲ. ಈ ಅಂಕಿಗಳು ಎಲ್ಲಿಂದ ಬರುತ್ತವೆ ಎಂದು ಗೊತ್ತಿದ್ದರೆ ಅರ್ಧಕ್ಕರ್ಧ ಜನ ನಿದ್ದೆ ಕೆಡಿಸಿಕೊಳ್ಳುತ್ತಿರಲಿಲ್ಲ.

ಸ್ಲೈಡಿನ ಮೇಲೆ ಒಂದು ಹನಿ ರಕ್ತ ಇಟ್ಟು, ಇನ್ನೊಂದು ಸ್ಲೈಡನ್ನು ಓರೆಯಾಗಿ ಹಿಡಿದು ಒಂದೇ ಸಲಕ್ಕೆ ಎಳೆದರೆ ತೆಳುವಾದ ಲೇಪ ಸಿಗುತ್ತದೆ. ಅದು ಒಣಗಿದ ಮೇಲೆ ಬಣ್ಣ ಹಾಕುತ್ತಾರೆ. ಇಡೀ ಪರೀಕ್ಷೆಯಲ್ಲಿ ನನಗೆ ತುಂಬ ಹಿಡಿಸುವುದು ಈ ಬಣ್ಣದ ಕೆಲಸವೇ.

ಇದಕ್ಕೆ ಬಳಸುವ ಲೀಶ್‌ಮನ್ ಸ್ಟೈನ್ ಎಂಬ ದ್ರಾವಣದಲ್ಲಿರುವುದು ಮುಖ್ಯವಾಗಿ ಎರಡು ಬಗೆಯ ಬಣ್ಣ. ಮೆಥಿಲೀನ್ ಬ್ಲೂ ಮತ್ತು ಅದರಿಂದ ಹುಟ್ಟಿದ ಅಝೂರ್‌ಗಳದ್ದು ಧನ ವಿದ್ಯುದಂಶ, ಇಯೋಸಿನ್ ಎಂಬ ಕೆಂಪು ಬಣ್ಣದ್ದು ಋಣ. ಜೀವಕೋಶದ ನ್ಯೂಕ್ಲಿಯಸ್ಸಿನಲ್ಲಿ ಡಿಎನ್‌ಎ ಇದೆ, ಅದರ ಫಾಸ್ಫೇಟುಗಳು ಋಣ, ಹಾಗಾಗಿ ಅವು ಅಝೂರನ್ನು ಸೆಳೆದುಕೊಂಡು ನೇರಳೆಯಾಗುತ್ತವೆ. ಇಯೋಸಿನೋಫಿಲ್‌ನ ದಪ್ಪ ಕಣಿಕೆಗಳಲ್ಲಿ ಆರ್ಜಿನೀನ್ ಎಂಬ ಅಮೈನೋ ಆಮ್ಲ ಹೆಚ್ಚಿರುವ ಪ್ರೋಟೀನ್ ಇದೆ. ಅದು ಧನ, ಆದ್ದರಿಂದ ಇಯೋಸಿನ್ ಹಿಡಿದು ಕೇಸರಿಗೆಂಪು. ಬೇಸೋಫಿಲ್‌ನ ಕಣಿಕೆಗಳಲ್ಲಿರುವ ಹೆಪಾರಿನ್ ಜಾತಿಯ ವಸ್ತುಗಳು ಋಣ, ಅಲ್ಲಿ ಕಡುನೀಲಿ. ಮತ್ತೊಂದು ಬಗೆಯ ಬಿಳಿ ಕಣವಾದ ನ್ಯೂಟ್ರೋಫಿಲ್‌ನ ಸಣ್ಣ ಕಣಿಕೆಗಳು ಯಾವ ಕಡೆಗೂ ಜೋರಾಗಿ ವಾಲದೆ ಮಾಸಲು ಗುಲಾಬಿಯಾಗಿ ಉಳಿಯುತ್ತವೆ. ಬೆರೆಸುವ ನೀರಿನ ಪಿಎಚ್ 6.8ರ ಆಸುಪಾಸಿನಲ್ಲಿರಬೇಕು. ಆಮ್ಲೀಯವಾದರೆ ಎಲ್ಲವೂ ಕೆಂಪಡರುತ್ತದೆ, ಕ್ಷಾರೀಯವಾದರೆ ನೀಲಿಗಟ್ಟುತ್ತದೆ, ನೋಡುವವರ ಪಾಡು ಅಷ್ಟೇ.

ಜರ್ಮನಿಯ ಪಾಲ್ ಎರ್ಲಿಶ್ ಕಲ್ಲಿದ್ದಲ ಡಾಂಬರಿನಿಂದ ತಯಾರಾದ ಬಣ್ಣಗಳನ್ನು ರಕ್ತದ ಮೇಲೆ ಹಾಕಿ 1879ರಲ್ಲಿ ಇಯೋಸಿನೋಫಿಲ್ ಅನ್ನು ವಿವರಿಸಿದ. ಬಟ್ಟೆಗೆಂದು ಹುಟ್ಟಿದ ಬಣ್ಣಗಳು ವೈದ್ಯಕೀಯದ ದಾರಿಯನ್ನೇ ತಿರುಗಿಸಿದವು. 1891ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನ ರೊಮಾನೋವ್‌ಸ್ಕಿ ಮಲೇರಿಯಾ ಪರಾವಲಂಬಿಯನ್ನು ನೋಡಲು ಹಳೆಯ ಮೆಥಿಲೀನ್ ಬ್ಲೂ ದ್ರಾವಣಕ್ಕೆ ಇಯೋಸಿನ್ ಬೆರೆಸಿದ. ಎರಡರಲ್ಲೂ ಇಲ್ಲದ ನೇರಳೆ ಮೂಡಿತು. ಹೊಸ ದ್ರಾವಣದಲ್ಲಿ ಅದು ಬರುವುದಿಲ್ಲ. ಹಳತಾಗುತ್ತ ಮೆಥಿಲೀನ್ ಬ್ಲೂ ಉತ್ಕರ್ಷಣಗೊಂಡು ಅಝೂರ್ ಬಿ ಆಗಬೇಕು. ಹತ್ತು ವರ್ಷದ ಮೇಲೆ, 1901ರಲ್ಲಿ, ಬ್ರಿಟಿಷ್ ಸೇನಾವೈದ್ಯ ಲೀಶ್‌ಮನ್ ಈ ಬಣ್ಣವನ್ನು ಮೀಥೈಲ್ ಆಲ್ಕೋಹಾಲಿನಲ್ಲಿ ಕರಗಿಸಿಕೊಟ್ಟ. ಕೋಶಗಳನ್ನು ಗಾಜಿಗೆ ಕಚ್ಚಿಸುವುದೂ ಬಣ್ಣ ಹಿಡಿಸುವುದೂ ಒಂದೇ ಬಾಟಲಿಯಿಂದ ಆಯಿತು.

ಇನ್ನು ಎಣಿಕೆ. ಸೂಕ್ಷ್ಮದರ್ಶಕದ ಆಯಿಲ್ ಇಮ್ಮರ್ಷನ್ ಲೆನ್ಸನ್ನು (ಎಣ್ಣೆಯ ಹನಿಗೆ ತಾಗಿಸಿ ನೋಡುವ ಲೆನ್ಸ್) ಇಳಿಸಿ, ಕೆಂಪು ಕಣಗಳು ಒಂದರ ಮೇಲೊಂದು ಬೀಳದೆ ಪಕ್ಕಪಕ್ಕ ಕುಳಿತಿರುವ ಜಾಗ ಹುಡುಕಿ, ಸ್ಲೈಡನ್ನು ಅಂಕುಡೊಂಕಾಗಿ ಸರಿಸುತ್ತ ಹೋಗಬೇಕು. ನೇರವಾಗಿ ಅಂಚಿನಲ್ಲೇ ಹೋದರೆ ಮೋಸ: ದೊಡ್ಡ ಬಿಳಿ ಕಣಗಳಾದ ಮಾನೋಸೈಟ್, ನ್ಯೂಟ್ರೋಫಿಲ್‌ಗಳು ಎಳೆತಕ್ಕೆ ಅಂಚು ಸೇರಿರುತ್ತವೆ, ಸಣ್ಣ ಬಿಳಿ ಕಣಗಳಾದ ಲಿಂಫೋಸೈಟ್‌ಗಳು ನಡುವೆ ಉಳಿದಿರುತ್ತವೆ. ಕಂಡ ಬಿಳಿ ಕಣಕ್ಕೆಲ್ಲ ಅದರದರ ಬಗೆಗೆ ತಕ್ಕಂತೆ ಕೌಂಟರಿನ ಒಂದೊಂದು ಕೀಲಿ ಒತ್ತುತ್ತ ನೂರು ಮುಟ್ಟಿದರೆ ಕೆಲಸ ಮುಗಿಯಿತು.

ಹೌದು, ಬರೀ ನೂರು. ಐದು ಲೀಟರ್ ರಕ್ತ, ಮೈಕ್ರೋಲೀಟರಿಗೆ 7,000 ಬಿಳಿ ಕಣ ಎಂದುಕೊಂಡರೆ ಒಟ್ಟು 3,500 ಕೋಟಿ. ಅದರಲ್ಲಿ ನೋಡಿದ್ದು ನೂರು! ಮೂಟೆಯಲ್ಲಿ ನೂರಕ್ಕೆ ನಾಲ್ಕು ಕೆಂಪು ಮಣಿ ಬೆರೆತಿದ್ದರೂ ನೂರು ಮಣಿಯ ಪ್ರತಿ ಹಿಡಿಯಲ್ಲೂ ಸರಿಯಾಗಿ ನಾಲ್ಕೇ ಸಿಗುವುದಿಲ್ಲವಷ್ಟೆ. ಇಯೋಸಿನೋಫಿಲ್ ನಿಜಕ್ಕೂ ನೂರಕ್ಕೆ 4 ಇರುವವರ ರಕ್ತವನ್ನೇ ಮತ್ತೆ ಮತ್ತೆ ಎಣಿಸಿದರೆ ನೂರಕ್ಕೆ ಸುಮಾರು 95 ಸಲ ಉತ್ತರ 1ರಿಂದ 8ರ ನಡುವೆ ಎಲ್ಲಾದರೂ ಬೀಳುತ್ತದೆ. ಎಣಿಸಿದವರ ತಪ್ಪಿಲ್ಲ, ಮೈಯಲ್ಲಿ ಏನೂ ಬದಲಾಗಿಲ್ಲ. ಈ ಏರುಪೇರು ಅರ್ಧವಾಗಬೇಕಾದರೆ ನಾನೂರು ಕಣ ಎಣಿಸಬೇಕು. ಬೇಸೋಫಿಲ್ ಇನ್ನೂ ಅಪರೂಪ. ಅದು ನೂರಕ್ಕೆ ಅರ್ಧದಷ್ಟಿದ್ದರೆ, ನೂರು ಕಣದ ಎಣಿಕೆಯಲ್ಲಿ ಒಂದೂ ಸಿಗದಿರುವ ಸಾಧ್ಯತೆಯೇ ಶೇ. 60.

ಯಂತ್ರಗಳು ಸಾವಿರಾರು ಕಣ ಎಣಿಸುವುದರಿಂದ ಈ ತೊಂದರೆ ಅಲ್ಲಿ ಕಡಿಮೆ. ಆದರೆ ಎಳೆಯ, ವಿಕಾರವಾದ ಕಣಗಳ ಸುಳಿವು ಸಿಕ್ಕರೆ ಯಂತ್ರ ಎಚ್ಚರಿಕೆ ಕೊಟ್ಟು ಸುಮ್ಮನಾಗುತ್ತದೆ. ಆಮೇಲೆ ಮನುಷ್ಯರೇ ಸ್ಲೈಡ್ ನೋಡಬೇಕು.

ಯಂತ್ರದ್ದಾಗಲಿ ಕೈಯೆಣಿಕೆಯಾಗಲಿ, ಶೇಕಡಾವಾರು ಅಂಕಿಯನ್ನಷ್ಟೇ ಓದಿದರೆ ಇನ್ನೊಂದು ಹಳ್ಳಕ್ಕೆ ಬೀಳುತ್ತೇವೆ. ವರದಿಯಲ್ಲಿ ಲಿಂಫೋಸೈಟ್ ಶೇ. 60, ನ್ಯೂಟ್ರೋಫಿಲ್ ಶೇ. 30 ಇದೆ ಎನ್ನಿ. ಲಿಂಫೋಸೈಟ್ ಜಾಸ್ತಿ ಎಂದು ಎಲ್ಲರ ಕಣ್ಣೂ ಅಲ್ಲಿಗೇ. ಮೇಲಿನ ಸಾಲಿನಲ್ಲಿ ಒಟ್ಟು ಎಣಿಕೆ 3,000 ಎಂದಿದ್ದರೆ ಗುಣಿಸಿ ನೋಡಿ: ಲಿಂಫೋಸೈಟ್ 1,800, ಅದು ಇರಬೇಕಾದಷ್ಟೇ ಇದೆ. ನ್ಯೂಟ್ರೋಫಿಲ್ ಮಾತ್ರ 900ಕ್ಕೆ ಇಳಿದಿದೆ. ವೈದ್ಯರು ಬೆನ್ನುಹತ್ತುವುದು ಆ 900ನ್ನು.