‘ಸೇರಿಸಿದ್ದು ಬರೀ ಒಂದು ಎಂ.ಜಿ. ಅಲ್ವಾ ಡಾಕ್ಟ್ರೇ?’

ಶುಗರ್ ಮಾತ್ರೆ ಬದಲಿಸಿ ಚೀಟಿ ಕೊಟ್ಟಾಗಲೆಲ್ಲ ಈ ಪ್ರಶ್ನೆ ಬಂದೇ ಬರುತ್ತದೆ. ಮೊದಲು ಮೆಟ್‌ಫಾರ್ಮಿನ್ 500 ಒಂದೇ ಇತ್ತು. ಈಗ ಅದರ ಜೊತೆ ಗ್ಲಿಮೆಪಿರೈಡ್ 1 ಸೇರಿದೆ. ನುಂಗುವುದು ಮಾತ್ರ ಮೊದಲಿನಂತೆ ಒಂದೇ ಮಾತ್ರೆ, ಎರಡೂ ಔಷಧಿ ಅದರೊಳಗೇ ಇವೆ. ಐನೂರರ ಪಕ್ಕದಲ್ಲಿ ಒಂದು ಯಾವ ಲೆಕ್ಕ ಅಂದುಕೊಂಡು ಎದ್ದು ಹೋಗುತ್ತಾರೆ. ಹತ್ತಾರು ಸಲ ಹೇಳಿದರೂ ಮನಸ್ಸಿಗೆ ಇಳಿಯದ ವಿಷಯ ಇದು. ಅದಕ್ಕೇ ಇವತ್ತು ಬರೆಯುತ್ತಿದ್ದೇನೆ.

ಬೇರೆ ಬೇರೆ ಔಷಧಿಗಳ ಎಂ.ಜಿ.ಯನ್ನು ದಯವಿಟ್ಟು ಹೋಲಿಸಬೇಡಿ. ಎಂ.ಜಿ. ಅಂದರೆ ಮಿಲಿಗ್ರಾಂ, ಬರೀ ತೂಕ, ಅಷ್ಟೇ. ಮೆಟ್‌ಫಾರ್ಮಿನ್ ತನ್ನ ಕೆಲಸ ಮಾಡಲು ನೂರಾರು ಎಂ.ಜಿ. ಬೇಕು. ಗ್ಲಿಮೆಪಿರೈಡ್‌ಗೆ ಒಂದೋ ಎರಡೋ ಸಾಕು. ಶುಗರ್ ತೀರಾ ಕೆಳಗಿಳಿಸುವ ಭಯ ಇರುವುದು ಆ ದೊಡ್ಡ ನಂಬರಿನಿಂದ ಅಲ್ಲ, ಈ ಚಿಕ್ಕ ನಂಬರಿನಿಂದ.

ಯಾಕೆ ಅಂದರೆ ಇಬ್ಬರ ಕೆಲಸವೇ ಬೇರೆ. ನಮ್ಮ ಲಿವರ್ ರಾತ್ರಿಯಿಡೀ ಸಕ್ಕರೆ ತಯಾರಿಸಿ ರಕ್ತಕ್ಕೆ ಬಿಡುತ್ತಿರುತ್ತದೆ. ಟೈಪ್ 2 ಡಯಾಬಿಟಿಸ್‌ನಲ್ಲಿ ಅದು ಬೇಕಾದ್ದಕ್ಕಿಂತ ಜಾಸ್ತಿ ಬಿಡುತ್ತದೆ. ಮೆಟ್‌ಫಾರ್ಮಿನ್ ಮುಖ್ಯವಾಗಿ ಅದನ್ನು ಹಿಡಿಯುತ್ತದೆ. ಹೆಚ್ಚಿಗೆ ಇನ್ಸುಲಿನ್ ಹೊರಡಿಸುವುದಿಲ್ಲ. ಹಾಗಾಗಿ ಅದೊಂದನ್ನೇ ತೆಗೆದುಕೊಳ್ಳುವವರಿಗೆ ಲೋ ಶುಗರ್ ಆಗುವುದು ಅಪರೂಪ. ಗ್ಲಿಮೆಪಿರೈಡ್ ಹಾಗಲ್ಲ. ಅದು ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಗೆ ತಳ್ಳಿಸುತ್ತದೆ. ನೀವು ಊಟ ಮಾಡಿದ್ದೀರೋ ಇಲ್ಲವೋ ಅದಕ್ಕೆ ಗೊತ್ತಾಗುವುದಿಲ್ಲ. ಗ್ಲಿಕ್ಲಜೈಡ್, ಗ್ಲಿಬೆನ್‌ಕ್ಲಮೈಡ್ ಕೂಡ ಇದೇ ಗುಂಪಿನವು.

ನನ್ನ ಹತ್ತಿರ ಬರುವ ಒಬ್ಬ ನಿವೃತ್ತ ಮೇಷ್ಟ್ರ ವಿಷಯ ಹೇಳುತ್ತೇನೆ. ತುಂಬಾ ಶಿಸ್ತಿನ ಮನುಷ್ಯ. ವರ್ಷಗಟ್ಟಲೆ ಮೆಟ್‌ಫಾರ್ಮಿನ್ ಒಂದರಲ್ಲೇ ಇದ್ದರು. ಬೆಳಿಗ್ಗೆ ಮಾತ್ರೆ ನುಂಗಿ, ತಿಂಡಿ ಸಿಕ್ಕಾಗ ತಿನ್ನುವ ಅಭ್ಯಾಸ. ಆಗೆಲ್ಲ ಏನೂ ಆಗಿರಲಿಲ್ಲ. ಮಾತ್ರೆ ಬದಲಾಯಿತು, ಅಭ್ಯಾಸ ಬದಲಾಗಲಿಲ್ಲ. ಒಂದು ದಿನ ತಿಂಡಿ ಬಿಟ್ಟೇಹೋಯಿತು. ಹನ್ನೊಂದು ಗಂಟೆಗೆ ಅಂಗಿಯೆಲ್ಲ ಬೆವರಿನಲ್ಲಿ ಒದ್ದೆ. ಕೈ ನಡುಗಿ ಪೆನ್ನಿನ ಮುಚ್ಚಳ ಹಾಕಲೂ ಆಗುತ್ತಿಲ್ಲ. ಮನೆಯವರು ಮಾತನಾಡಿಸಿದರೆ ಇನ್ನೇನೋ ಉತ್ತರ. ಪುಣ್ಯಕ್ಕೆ ಮಗಳು ಗ್ಲುಕೋಮೀಟರ್ ಹಿಡಿದಳು. 48 ಇತ್ತು. 70ಕ್ಕಿಂತ ಕೆಳಗಿಳಿದರೇ ನಾವು ಲೋ ಅನ್ನುತ್ತೇವೆ. ಸಕ್ಕರೆ ನೀರು ಕುಡಿಸಿದರು, ಚೇತರಿಸಿಕೊಂಡರು. ಮರುದಿನ ಬಂದು ಅವರು ಕೇಳಿದ ಮಾತೇ ಈ ಬರಹದ ತಲೆಬರಹ. ಚೀಟಿ ಬರೆದ ದಿನ ‘ಊಟದ ಜೊತೆಗೇ’ ಅಂತ ನಾನು ಹೇಳಿದ್ದೆ. ಯಾಕೆ ಅಂತ ಹೇಳಿರಲಿಲ್ಲ. ಅದು ಇವತ್ತಿಗೂ ನನಗೆ ಬೇಸರ.

ಇಂಥ ಹೊತ್ತಿನಲ್ಲಿ ಎಚ್ಚರ ಇರುವವರಿಗೆ ಸುಮಾರು 15 ಗ್ರಾಂ ಗ್ಲುಕೋಸ್ ಅಥವಾ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ. 15 ನಿಮಿಷ ಬಿಟ್ಟು ಮತ್ತೆ ಶುಗರ್ ನೋಡಿ. ಏರದಿದ್ದರೆ ಇನ್ನೊಮ್ಮೆ ಕೊಡಿ. ಏರಿದ ಮೇಲೆ ಊಟ ಮಾಡಿಸಿ. ಗ್ಲಿಮೆಪಿರೈಡ್ ಕೆಲಸ ಇಡೀ ದಿನ ಇರುತ್ತದೆ, ಶುಗರ್ ಮತ್ತೆ ಇಳಿಯಬಹುದು. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನೂ ಹಾಕಬೇಡಿ, ಆಸ್ಪತ್ರೆಗೆ ಓಡಿ. ವಯಸ್ಸಾದವರು, ಕಿಡ್ನಿ ತೊಂದರೆ ಇರುವವರು ಒಮ್ಮೆ ಸರಿಹೋದರೂ ಡಾಕ್ಟರಿಗೆ ತಿಳಿಸಲೇಬೇಕು.

ಇದನ್ನು ಓದಿ ಹೆದರಿ ಮಾತ್ರೆ ನಿಲ್ಲಿಸಬೇಡಿ. ಅರ್ಧ ಮುರಿದು ನುಂಗುವುದೂ ಪರಿಹಾರವಲ್ಲ. ಮುರಿದರೆ ಎರಡೂ ಔಷಧಿ ಅರ್ಧವಾಗುತ್ತವೆ. ನಿಮಗೆ ಕಡಿಮೆ ಆಗಬೇಕಾದ್ದು ಒಂದೇ ಇರಬಹುದು. ಹೆಸರಿನ ಪಕ್ಕ ಎಸ್‌.ಆರ್. ಅಥವಾ ಎಕ್ಸ್‌.ಆರ್. ಅಂತಿದ್ದರೆ ಅದು ನಿಧಾನವಾಗಿ ಔಷಧಿ ಬಿಡುವ ಮಾತ್ರೆ, ಜಗಿಯಲೂಬಾರದು, ಪುಡಿ ಮಾಡಲೂಬಾರದು. ಬೆಳಿಗ್ಗೆ ಮರೆತಿರಿ ಅಂತ ರಾತ್ರಿ ಎರಡು ನುಂಗುವುದು ಎಲ್ಲಕ್ಕಿಂತ ಕೆಟ್ಟದ್ದು. ಎರಡನೇ ಔಷಧಿ ಸೇರಿಸಿದ್ದು ನಿಮ್ಮನ್ನು ಶಿಕ್ಷಿಸಲಿಕ್ಕಲ್ಲ. ಶುಗರ್ ಏರಲು ಕಾರಣ ಒಂದೇ ಅಲ್ಲ, ಒಂದೇ ಔಷಧಿಯನ್ನು ಏರಿಸುತ್ತಾ ಹೋದರೆ ಒಂದು ಹಂತದ ಮೇಲೆ ಹೊಟ್ಟೆ ಕೆಡುವುದೇ ಜಾಸ್ತಿ.

ಹಾಗಂತ ಚಿಕ್ಕ ನಂಬರೆಲ್ಲ ಲೋ ಶುಗರ್ ತರುತ್ತದೆ ಅಂತಲೂ ಅಲ್ಲ. ಮೆಟ್‌ಫಾರ್ಮಿನ್ ಜೊತೆ ಸಿಟಾಗ್ಲಿಪ್ಟಿನ್ ಅಥವಾ ವಿಲ್ಡಾಗ್ಲಿಪ್ಟಿನ್ ಇದ್ದರೆ, ಅವು ಶುಗರ್ ಏರಿದಾಗಲೇ ಹೆಚ್ಚು ಕೆಲಸ ಮಾಡುತ್ತವೆ. ಲೋ ಆಗುವ ಸಂಭವ ಕಡಿಮೆ. ಡಾಪಾಗ್ಲಿಫ್ಲೋಜಿನ್ 10 ಇದ್ದರೆ ಅದರ ದಾರಿಯೇ ಬೇರೆ, ಕಿಡ್ನಿ ಮೂಲಕ ಸಕ್ಕರೆಯನ್ನು ಮೂತ್ರಕ್ಕೆ ಬಿಡುತ್ತದೆ. ಅದನ್ನು ತೆಗೆದುಕೊಳ್ಳುವವರ ಮೂತ್ರ ಪರೀಕ್ಷೆಯಲ್ಲಿ ಸಕ್ಕರೆ ಕಂಡೇ ಕಾಣುತ್ತದೆ. ರಿಪೋರ್ಟ್ ಹಿಡಿದು ಗಾಬರಿಯಾಗಿ ಬರುತ್ತಾರೆ, ಪಾಪ. ಆ ಸಕ್ಕರೆ ಮಾತ್ರೆ ಕೆಲಸ ಮಾಡುತ್ತಿರುವುದರ ಗುರುತು. ಆದರೆ ವಾಂತಿ, ಭೇದಿ, ಜೋರು ಜ್ವರ ಬಂದು ಊಟ ಸೇರದಿದ್ದರೆ ಈ ಮಾತ್ರೆ ಮುಂದುವರಿಸಬೇಕೋ ಬೇಡವೋ ಅಂತ ಅವತ್ತೇ ಫೋನ್ ಮಾಡಿ ಕೇಳಿ.

ಇನ್ನೊಂದು ಮಾತು. ಹೊಸ ಸ್ಟ್ರಿಪ್ ತಂದ ದಿನ ಹಳೆಯದು ಡಬ್ಬಿಯಲ್ಲೇ ಉಳಿದಿರುತ್ತದೆ. ಬ್ರ್ಯಾಂಡ್ ಹೆಸರು ಬೇರೆ, ಬಣ್ಣ ಬೇರೆ. ಹಾಗಾಗಿ ಎರಡನ್ನೂ ನುಂಗುವವರಿದ್ದಾರೆ. ಹಿಂಬದಿಯ ಸಣ್ಣ ಅಕ್ಷರ ಓದಿದರೆ ಎರಡರಲ್ಲೂ ಅದೇ ಮೆಟ್‌ಫಾರ್ಮಿನ್.

ಮೇಷ್ಟ್ರು ಈಗ ಸ್ಟ್ರಿಪ್ ಜೊತೆಗೇ ಬರುತ್ತಾರೆ. ಕೂತ ತಕ್ಷಣ ಕನ್ನಡಕ ಏರಿಸಿ ಹಿಂಬದಿಯನ್ನು ಗಟ್ಟಿಯಾಗಿ ಓದುತ್ತಾರೆ. ಒಂದೊಂದು ಹೆಸರಿಗೂ ನಿಂತು, ‘ಇದು ಲಿವರ್‌ಗೆ, ಇದು ತಿಂಡಿ ತಟ್ಟೆ ಮುಂದೆ ಬಂದ ಮೇಲೆ’ ಅನ್ನುತ್ತಾರೆ. ಆಮೇಲೇ ನಾನು ಬಿ.ಪಿ. ನೋಡುವುದು.