ಗುಳಿಗೆಯಲ್ಲಿ ಏನಿದೆ ಎಂಬುದು ಮೊದಲು ಗೊತ್ತಾಗಬೇಕು

ಪ್ರಜ್ಞೆಯಿಲ್ಲ, ಕಣ್ಣಿನ ಪಾಪೆ ತೀರಾ ಕಿರಿದಾಗಿದೆ, ಉಸಿರು ನಿಮಿಷಕ್ಕೆ ಆರೇಳು ಸಲ ಮಾತ್ರ. ಇಂಥ ರೋಗಿ ಕ್ಯಾಶುವಲ್ಟಿಗೆ ಬಂದರೆ ಓಪಿಯಾಯ್ಡ್ (ಅಫೀಮಿನಂತೆ ಕೆಲಸ ಮಾಡುವ ವಸ್ತು) ಅತಿಯಾಗಿದೆ ಎಂದು ವೈದ್ಯರಿಗೆ ತಕ್ಷಣ ಅನುಮಾನ ಬರುತ್ತದೆ. ಆದರೂ ಮೂತ್ರದ ಪರೀಕ್ಷಾ ಪಟ್ಟಿ ‘ನೆಗೆಟಿವ್’ ತೋರಿಸಬಹುದು. ಸಾಮಾನ್ಯವಾಗಿ ಸಿಗುವ ಓಪಿಯೇಟ್ ಪಟ್ಟಿ ಹಿಡಿಯುವುದು ಮಾರ್ಫಿನ್, ಕೊಡೀನ್ ಮತ್ತು ಅವಕ್ಕೆ ಹತ್ತಿರದ ಅಣುಗಳನ್ನು ಮಾತ್ರ. ಟ್ರಮಡಾಲ್, ಟಪೆಂಟಡಾಲ್, ಫೆಂಟನಿಲ್, ನಿಟಜೀನ್‌ನಂಥ ಸಿಂಥೆಟಿಕ್ (ಕೃತಕ) ಓಪಿಯಾಯ್ಡ್ ಯಾವುದೂ ಅದಕ್ಕೆ ಸಿಗುವುದಿಲ್ಲ. ಪಟ್ಟಿಯನ್ನು ನಂಬಿ ಕೂತರೆ ಜೀವ ಹೋಗುತ್ತದೆ.

ಸಿಂಥೆಟಿಕ್ ಡ್ರಗ್ಸ್ ವಿರುದ್ಧ ರಾಷ್ಟ್ರೀಯ ಯೋಜನೆ ಬರೆಯುವವರು ಬಹಳ ಸಲ ದಾಳಿ, ಜಪ್ತಿ, ಶಿಕ್ಷೆಗಳಿಂದ ಶುರುಮಾಡುತ್ತಾರೆ. ಶುರುವಾಗಬೇಕಾದದ್ದು ಗುರುತಿಸುವ ಕೆಲಸದಿಂದ. ಗಾಂಜಾ, ಅಫೀಮಿಗೆ ಹೊಲ ಬೇಕು, ಹಂಗಾಮು ಬೇಕು. ಮೇಲಿನಿಂದ ನೋಡಿದರೂ ಕಾಣುತ್ತದೆ. ಸಿಂಥೆಟಿಕ್ ಸರಕಿಗೆ ಒಂದು ಶೆಡ್ಡು ಸಾಕು. ಒಂದು ಅಣುವನ್ನು ನಿಷೇಧಿಸಿದರೆ ಅದರ ಪಕ್ಕದ ಅಣು ಬರುತ್ತದೆ. ವಿಶ್ವಸಂಸ್ಥೆಯ ಮಾದಕವಸ್ತು ಮತ್ತು ಅಪರಾಧ ಕಚೇರಿಯ ಮುನ್ನೆಚ್ಚರಿಕೆ ವ್ಯವಸ್ಥೆಯಲ್ಲಿ ದಾಖಲಾದ ಹೊಸ ವಸ್ತುಗಳ ಸಂಖ್ಯೆ ಆಗಲೇ 1,200 ದಾಟಿದೆ. ಎಸ್ಟೋನಿಯಾದ ಅನುಭವ ನೋಡಿ. ಸುಮಾರು 13 ಲಕ್ಷ ಜನರ ಆ ದೇಶದಲ್ಲಿ 2012ರಲ್ಲಿ ಡ್ರಗ್ಸ್ ಅತಿಸೇವನೆಯಿಂದ 170 ಮಂದಿ ಸತ್ತರು, ಹೆಚ್ಚಿನವು ಫೆಂಟನಿಲ್ ಸಾವುಗಳು. 2017ರ ಹೊತ್ತಿಗೆ ಪೊಲೀಸರು ಆ ಜಾಲ ಮುರಿದರು, ಸಾವು ಇಳಿಯಿತು. ಕೆಲವೇ ವರ್ಷಗಳಲ್ಲಿ ನಿಟಜೀನ್ ಬಂದು ಸಾವು ಮತ್ತೆ ಏರಿತು.

ನಮ್ಮ ಎನ್‌ಡಿಪಿಎಸ್ ಕಾಯ್ದೆ (ಮಾದಕವಸ್ತು ನಿಯಂತ್ರಣದ 1985ರ ಕಾನೂನು) ವಸ್ತುಗಳನ್ನು ಬಹುಪಾಲು ಹೆಸರು ಹಿಡಿದೇ ಪಟ್ಟಿಮಾಡುತ್ತದೆ. ಮೆಫೆಡ್ರೋನ್ ಎಂಬ ಸಿಂಥೆಟಿಕ್ ಉತ್ತೇಜಕ 2015ರಲ್ಲಿ ಸೇರಿತು, ಟ್ರಮಡಾಲ್ 2018ರ ಏಪ್ರಿಲ್‌ನಲ್ಲಿ. ಚೀನಾ 2019ರ ಮೇ ತಿಂಗಳಲ್ಲಿ ಫೆಂಟನಿಲ್ ಬಳಗವನ್ನೇ ಒಟ್ಟಿಗೆ ನಿಯಂತ್ರಣಕ್ಕೆ ತಂದಿತು. ಓಪಿಯಾಯ್ಡ್‌ಗಳ ಮಟ್ಟಿಗೆ ನಮಗೂ ಅದೇ ದಾರಿ ಒಳ್ಳೆಯದು ಎಂಬುದು ನನ್ನ ನಿಲುವು. ವ್ಯಾಖ್ಯೆ ತೀರಾ ಅಗಲವಾದರೆ ಔಷಧ ಸಂಶೋಧನೆಗೆ ತೊಡಕಾಗುತ್ತದೆ, ಆದ್ದರಿಂದ ಅದನ್ನು ಬರೆಯುವಾಗ ರಸಾಯನಶಾಸ್ತ್ರಜ್ಞರು ಪಕ್ಕದಲ್ಲಿರಬೇಕು.

ಗುರುತು ತಪ್ಪಿದರೆ ನ್ಯಾಯವೂ ತಪ್ಪುತ್ತದೆ. 20 ಗ್ರಾಂ ಪುಡಿಯ ಒಂದು ಪೊಟ್ಟಣ ಸಿಕ್ಕಿತು ಎನ್ನೋಣ. ಅದು ಎಂಡಿಎಂಎ (ಎಕ್ಸ್‌ಟಸಿ) ಆದರೆ 10 ಗ್ರಾಂ ದಾಟಿದ್ದರಿಂದ ವಾಣಿಜ್ಯ ಪ್ರಮಾಣ: ಕನಿಷ್ಠ 10 ವರ್ಷ ಶಿಕ್ಷೆ, ಜಾಮೀನು ಬಹಳ ಕಷ್ಟ. ಮೆಫೆಡ್ರೋನ್ ಆದರೆ ವಾಣಿಜ್ಯ ಮಿತಿ 50 ಗ್ರಾಂ, ಕೇಸು ಬೇರೆಯೇ. ಸ್ಥಳದಲ್ಲೇ ಮಾಡುವ ಮಾರ್ಕ್ವಿಸ್ ಬಣ್ಣಪರೀಕ್ಷೆ, ಅಂದರೆ ಫಾರ್ಮಾಲ್ಡಿಹೈಡ್ ಬೆರೆಸಿದ ಗಂಧಕಾಮ್ಲದ ಹನಿ, ಎಂಡಿಎಂಎಯನ್ನು ಕಡುನೇರಳೆಯಿಂದ ಕಪ್ಪಿಗೆ ತಿರುಗಿಸುತ್ತದೆ. ಮೆಫೆಡ್ರೋನ್‌ಗೆ ಹೇಳಿಕೊಳ್ಳುವಂಥ ಬಣ್ಣವೇ ಬರುವುದಿಲ್ಲ. ಬಣ್ಣ ಬರಲಿಲ್ಲವೆಂದು ‘ಡ್ರಗ್ಸ್ ಅಲ್ಲ’ ಎಂದು ಬಿಡುವಂತಿಲ್ಲ, ಬಂದಿತೆಂದು ಹೆಸರು ಬರೆಯುವಂತೆಯೂ ಇಲ್ಲ. ಖಚಿತವಾಗಲು ಜಿಸಿ-ಎಂಎಸ್ ಬೇಕು, ಅಂದರೆ ಮಿಶ್ರಣವನ್ನು ಬೇರ್ಪಡಿಸಿ ಅಣುವಿನ ತುಣುಕುಗಳ ತೂಕದಿಂದ (ಮಾಸ್ ಸ್ಪೆಕ್ಟ್ರಮ್) ಗುರುತಿಸುವ ಯಂತ್ರ. ಅದಕ್ಕೂ ಮಿತಿಯಿದೆ. ಮೆಫೆಡ್ರೋನ್‌ನ ಬೆಂಜೀನ್ ಉಂಗುರದಲ್ಲಿ 4ನೇ ಸ್ಥಾನದಲ್ಲಿರುವ ಮೀಥೈಲ್ ಗುಂಪು 3ನೇ ಸ್ಥಾನಕ್ಕೆ ಸರಿದರೆ ಬೇರೆ ವಸ್ತು, ಆದರೆ ಎರಡರ ಮಾಸ್ ಸ್ಪೆಕ್ಟ್ರಮ್ ಹೆಚ್ಚುಕಡಿಮೆ ಒಂದೇ. ಅವನ್ನು ಬೇರ್ಪಡಿಸಲು ಇನ್‌ಫ್ರಾರೆಡ್ ಯಂತ್ರ ಜೊತೆಗಿರಬೇಕು, ಹೋಲಿಸಲು ಶುದ್ಧ ಮಾದರಿ ಬೇಕು. ಯೋಜನೆಗಳಲ್ಲಿ ಯಂತ್ರಕ್ಕೆ ದುಡ್ಡು ಇಡುತ್ತಾರೆ, ಈ ಶುದ್ಧ ಮಾದರಿಗಳನ್ನು ಮರೆಯುತ್ತಾರೆ.

ನಮ್ಮ ಭಾಗದಲ್ಲಿ ಇದಕ್ಕೆ ಬೇಕಾದ ಕೊಂಡಿಗಳು ಹತ್ತಿರದಲ್ಲೇ ಇವೆ. ಧಾರವಾಡದಲ್ಲಿ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್ ಇದೆ, ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ಹುಬ್ಬಳ್ಳಿಯಲ್ಲಿ ಕೆಎಂಸಿ-ಆರ್‌ಐ (ಹಿಂದಿನ ಕಿಮ್ಸ್), ಗದಗ-ಹಾವೇರಿಗಳಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಇವನ್ನು ಜೋಡಿಸುವ ದಾರಿಯನ್ನು ರಾಷ್ಟ್ರೀಯ ಯೋಜನೆ ಬರೆದು ಕೊಡಬೇಕು. ಕ್ಯಾಶುವಲ್ಟಿಯಲ್ಲಿ ಚಿಕಿತ್ಸೆಗೆ ಮೊದಲೇ ಸೋಡಿಯಂ ಫ್ಲೋರೈಡ್ ಇರುವ ಬೂದು ಮುಚ್ಚಳದ ಟ್ಯೂಬಿನಲ್ಲಿ 5 ಮಿ.ಲೀ. ರಕ್ತ, ಜೊತೆಗೆ ಸುಮಾರು 30 ಮಿ.ಲೀ. ಮೂತ್ರ ತೆಗೆದಿಡಬೇಕು. ಇದರಿಂದ ಉಸಿರು ಕೊಡುವ ಕೆಲಸ ಒಂದು ನಿಮಿಷವೂ ತಡವಾಗಬಾರದು. ಮೆಫೆಡ್ರೋನ್ ಬಳಗದ ವಸ್ತುಗಳು ರಕ್ತದಲ್ಲಿ ಬೇಗ ಒಡೆಯುತ್ತವೆ. ಏಪ್ರಿಲ್ ಬಿಸಿಲಿನಲ್ಲಿ ಮಾದರಿ ಮೇಜಿನ ಮೇಲೆ ಉಳಿದರೆ ಲ್ಯಾಬಿಗೆ ಏನೂ ಸಿಗದೆ ಹೋಗಬಹುದು. ಆ ದಿನವೇ ಕಳಿಸಲಾಗದಿದ್ದರೆ ಮೈನಸ್ 20 ಡಿಗ್ರಿಯಲ್ಲಿಡಬೇಕು.

ಕೋರ್ಟಿಗೆ ಹೋಗುವ ವರದಿಯ ದಾರಿ ಬೇರೆ, ಎಚ್ಚರಿಕೆಯ ದಾರಿ ಬೇರೆ ಇರಬೇಕು. ಎನ್‌ಡಿಪಿಎಸ್ ಕಾಯ್ದೆಯ 2022ರ ನಿಯಮಗಳು ಲ್ಯಾಬಿಗೆ 15 ದಿನ ಕೊಡುತ್ತವೆ. ಅಷ್ಟರಲ್ಲಿ ಅದೇ ಸರಕು ಇನ್ನೆಷ್ಟು ಜನರ ಕೈ ಸೇರಿರುತ್ತದೋ! ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಎನ್‌ಕಾರ್ಡ್ (ಮಾದಕವಸ್ತು ತಡೆಯ ಸಮನ್ವಯ) ಸಮಿತಿಯ ಮುಂದಿನ ಸಭೆಗೂ ಕಾಯುವಂತಿಲ್ಲ. ಗುಳಿಗೆಯ ಬಣ್ಣ, ಗುರುತು, ತೂಕ, ಸಿಕ್ಕ ವಸ್ತು, ಕಂಡ ಲಕ್ಷಣ, ಇಷ್ಟಿರುವ ಅರ್ಧ ಪುಟ ಅದೇ ದಿನ ಎಲ್ಲ ಆಸ್ಪತ್ರೆಗಳಿಗೂ 108 ಸಿಬ್ಬಂದಿಗೂ ತಲುಪಲಿ. ‘ಭಾರಿ ಸ್ಟ್ರಾಂಗ್ ಸರಕು’ ಎಂದು ಬರೆಯಬಾರದು, ಅದನ್ನೇ ಹುಡುಕಿಕೊಂಡು ಹೋಗುವವರಿರುತ್ತಾರೆ. ಕಳ್ಳಸರಕಿನಲ್ಲಿ ಪುಡಿ ಸಮನಾಗಿ ಬೆರೆತಿರುವುದಿಲ್ಲ ಎಂಬುದನ್ನೂ ಹೇಳಬೇಕು. ಗಿರ್ಮಿಟ್ಟಿನಲ್ಲಿ ಮೆಣಸಿನಕಾಯಿ ಒಂದೇ ಕಡೆ ಸೇರಿಕೊಂಡಂತೆ, ಒಂದೇ ಪೊಟ್ಟಣದ ಒಂದು ಗುಳಿಗೆ ಏನೂ ಮಾಡದೆ ಇನ್ನೊಂದು ಕೊಲ್ಲಬಹುದು.

ಇನ್ನು ಓಪಿಯಾಯ್ಡ್‌ಗೆ ಮಾರುಮದ್ದಾದ ನಲೋಕ್ಸೋನ್. ಮೊದಲು ಆಂಬು ಬ್ಯಾಗಿನಿಂದ (ಕೈಯಲ್ಲಿ ಒತ್ತಿ ಗಾಳಿ ಕೊಡುವ ಚೀಲ) ಉಸಿರು, ಆಮೇಲೆ 0.4 ಮಿ.ಗ್ರಾಂ. ಆಂಪೂಲು, ಉಸಿರು ಸುಧಾರಿಸದಿದ್ದರೆ ಎರಡು-ಮೂರು ನಿಮಿಷಕ್ಕೊಮ್ಮೆ ಮತ್ತೆ. ಇದರ ಪರಿಣಾಮ 30ರಿಂದ 90 ನಿಮಿಷ ಮಾತ್ರ, ನುಂಗಿದ ವಸ್ತು ಅದಕ್ಕಿಂತ ಹೆಚ್ಚು ಹೊತ್ತು ಮೈಯಲ್ಲಿರಬಹುದು. ರಾಣೇಬೆನ್ನೂರಿನಲ್ಲಿ ಇಂಜೆಕ್ಷನ್ ಪಡೆದು ಎದ್ದು ಕೂತವನು ಹುಬ್ಬಳ್ಳಿಗೆ ಬರುವ ದಾರಿಯಲ್ಲಿ ಶಿಗ್ಗಾವಿ ದಾಟುವಷ್ಟರಲ್ಲಿ ಮತ್ತೆ ಉಸಿರು ನಿಲ್ಲಿಸಬಹುದು. ಆದ್ದರಿಂದ ತಾಲೂಕು ಆಸ್ಪತ್ರೆಯ ಜೊತೆಗೆ ಆಂಬುಲೆನ್ಸಿನಲ್ಲೂ ಆಂಪೂಲುಗಳಿರಬೇಕು.

ಗೆಳೆಯನನ್ನು ಆಸ್ಪತ್ರೆಗೆ ತರಲು ಹುಡುಗರು ಹೆದರುತ್ತಾರೆ. ಸಣ್ಣ ಪ್ರಮಾಣದ ಕೇಸಿನಲ್ಲಿ, ತಾನಾಗಿ ಚಿಕಿತ್ಸೆಗೆ ಬರುವ ವ್ಯಸನಿಗೆ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಮು ವಿಚಾರಣೆಯಿಂದ ರಕ್ಷಣೆ ಕೊಡುತ್ತದೆ. ಕರೆತಂದ ಗೆಳೆಯನಿಗೆ ಅದರಲ್ಲಿ ಜಾಗವಿಲ್ಲ. ಅವನಿಗೂ ರಕ್ಷಣೆ ಕೊಡುವ ತಿದ್ದುಪಡಿ ಆಗಲೇಬೇಕು. ಸಲಹೆಗೆ ಸದ್ಯ 14446 ಸಹಾಯವಾಣಿ ಇದೆ.

ನಿಯಂತ್ರಣ ಬಿಗಿಯಾದಾಗ ಮೊದಲು ಪೆಟ್ಟು ತಿನ್ನುವವರು ನೋವಿನ ರೋಗಿಗಳು. ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಚಿಕಿತ್ಸೆ ಮುಗಿಸಿ ಗದಗಿನ ಹಳ್ಳಿಗೆ ಹೋದವರಿಗೆ ಟ್ರಮಡಾಲೋ ಮಾರ್ಫಿನ್ನೋ ಊರ ಹತ್ತಿರವೇ ಸಿಗಬೇಕು. ಅದೇ ಕಾಯ್ದೆಯ 2014ರ ತಿದ್ದುಪಡಿಯ ನಂತರ ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆಗಳು ರಾಜ್ಯದ ಔಷಧ ನಿಯಂತ್ರಕರ ಒಂದೇ ಅನುಮತಿಯಿಂದ ಮಾರ್ಫಿನ್ ಇಟ್ಟುಕೊಳ್ಳಬಹುದು. ಹೊಸ ನಿಯಂತ್ರಣ ಆದೇಶ ಹೊರಡುವಾಗ, ಯಾವ ತಾಲೂಕಿನ ಯಾವ ಆಸ್ಪತ್ರೆಗೆ ಆ ಮಾನ್ಯತೆ ಇದೆ, ಅಲ್ಲಿ ಎಷ್ಟು ದಾಸ್ತಾನು ಇದೆ ಎಂಬ ಪಟ್ಟಿಯೂ ಅದರ ಜೊತೆಗೇ ಹೊರಡಬೇಕು.