ದಹನ ಮಾಡಿದರೆ ಚರ್ಚಿನಲ್ಲಿ ಬಲಿಪೂಜೆ ಸಿಗಲ್ವಾ?

ಪ್ರಶ್ನೆ: ತನ್ನನ್ನು ದಹನ ಮಾಡಿ ಎಂದು ಅಮ್ಮ ಹೇಳಿದ್ದಾರೆ. ಹಾಗೆ ಮಾಡಿದರೆ ಚರ್ಚಿನಲ್ಲಿ ಅಂತ್ಯಕ್ರಿಯೆಯ ಬಲಿಪೂಜೆ ಸಿಗುವುದಿಲ್ಲ ಅಂತ ಸಂಬಂಧಿಕರು ಹೇಳುತ್ತಿದ್ದಾರೆ. ನಿಜವೇ?

ನಿಜ ಅಲ್ಲ, ಕಥೋಲಿಕ ಚರ್ಚಿನಲ್ಲಿ ಬಲಿಪೂಜೆ (ಫಾದರ್ ರೊಟ್ಟಿ, ದ್ರಾಕ್ಷಾರಸ ಅರ್ಪಿಸಿ ನಡೆಸುವ ಮುಖ್ಯ ಆರಾಧನೆ, ಮಾಸ್) ಸಿಗುತ್ತದೆ. ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದರೂ ಇನ್ನೊಂದು ಮನೆಯಿಂದ ಅದೇ ಭಯ ಹೊತ್ತು ಮತ್ತೆ ಬರುತ್ತದೆ. ಸಾವಾದ ಮನೆಯಲ್ಲಿ ಯಾರೋ ಹಿರಿಯರು "ಧರ್ಮಸಭೆ ಒಪ್ಪಲ್ಲ", ಅಂದರೆ ಕಥೋಲಿಕ ಚರ್ಚ್ ಒಪ್ಪಲ್ಲ, ಅಂದುಬಿಡುತ್ತಾರೆ, ಉಳಿದವರು ಫಾದರ್ ಹತ್ತಿರ ಹೋಗಿ ಕೇಳುವುದೂ ಇಲ್ಲ, ಹೋದವರ ಕೊನೆಯ ಆಸೆ ಅಲ್ಲಿಗೇ ಮುಗಿಯಿತು. ಅದಕ್ಕೇ ಈ ಸಲ ಬುಡದಿಂದ ಹೇಳುತ್ತೇನೆ.

ದಹನಕ್ಕೆ ನಿಷೇಧ ಇದ್ದದ್ದು ಹೌದು. 1886ರಲ್ಲಿ ರೋಮ್ ಅದನ್ನು ತಂದಿತು, 1917ರ ಕ್ಯಾನನ್ ಕಾನೂನಿನಲ್ಲೂ (ಧರ್ಮಸಭೆಯದೇ ಕಾನೂನು ಸಂಹಿತೆ) ಅದು ಉಳಿಯಿತು. ಆ ಕಾಲದ ಯುರೋಪಿನಲ್ಲಿ ದಹನದ ಪರವಾಗಿ ಜೋರಾಗಿ ಪ್ರಚಾರ ಮಾಡುತ್ತಿದ್ದವರಲ್ಲಿ ಧರ್ಮಸಭೆಯ ವಿರೋಧಿಗಳು ಬಹಳ ಮಂದಿ ಇದ್ದರು. ಸತ್ತ ಮೇಲೆ ಏನೂ ಇಲ್ಲ, ಪುನರುತ್ಥಾನ ಅನ್ನುವುದೆಲ್ಲ ಸುಳ್ಳು ಅಂತ ಸಾರುವುದಕ್ಕೆ ಅವರಿಗೆ ಅದೊಂದು ದಾರಿಯಾಗಿತ್ತು. ಧರ್ಮಸಭೆಗೆ ಸಿಟ್ಟು ಬಂದದ್ದು ಆ ಮಾತಿಗೆ. 1963ರಲ್ಲಿ ವ್ಯಾಟಿಕನ್ ನಿಷೇಧವನ್ನು ತೆಗೆಯಿತು. ಈಗ ಜಾರಿಯಲ್ಲಿರುವ 1983ರ ಕಾನೂನಿನ 1176ನೇ ವಿಧಿ ನೋಡಿ: ಸಮಾಧಿ ಮಾಡುವುದೇ ಒಳ್ಳೆಯದು ಅನ್ನುತ್ತದೆ, ಆದರೆ ದಹನವನ್ನು ತಡೆಯುವುದಿಲ್ಲ. ಕ್ರೈಸ್ತ ನಂಬಿಕೆಯನ್ನು ಅಲ್ಲಗಳೆಯಲೆಂದೇ ಅದನ್ನು ಆರಿಸಿಕೊಂಡಿದ್ದರೆ ಬೇರೆ ಮಾತು. ನಿಮ್ಮ ಅಮ್ಮ ಹಾಗೆ ಯೋಚಿಸಿರಲಿಲ್ಲ ಅಲ್ವಾ?

ಇಷ್ಟಾದ ಮೇಲೂ ಒಂದು ಮಾತು ಬರುತ್ತದೆ: "ಸುಟ್ಟು ಬೂದಿಯಾದವರನ್ನು ದೇವರು ಹೇಗೆ ಎಬ್ಬಿಸುತ್ತಾರೆ?" ಫ್ರಾನ್ಸಿನ ವೀರಯುವತಿ ಜೋನ್ ಆಫ್ ಆರ್ಕ್ ಅವರನ್ನು 1431ರಲ್ಲಿ ಜೀವಂತ ಸುಟ್ಟರು, ಉಳಿದದ್ದನ್ನು ಸೇನ್ ನದಿಗೆ ಎಸೆದರು. 1920ರಲ್ಲಿ ಧರ್ಮಸಭೆಯೇ ಆಕೆಯನ್ನು ಸಂತರೆಂದು ಘೋಷಿಸಿತು, ಅದೂ ದಹನಕ್ಕೆ ನಿಷೇಧ ಇದ್ದ ಕಾಲದಲ್ಲಿ. ಬೂದಿ ದೇವರಿಗೆ ಅಡ್ಡಿ ಅಂತ ಯಾರೂ ಅನ್ನಲಿಲ್ಲ. ಮಣ್ಣಿಗಿಟ್ಟ ದೇಹವೂ ಮಣ್ಣೇ ಆಗುತ್ತದೆ. ನಮ್ಮ ನಂಬಿಕೆ ನಿಂತಿರುವುದು ಎಬ್ಬಿಸುವವರ ಮೇಲೆ, ಎಲುಬು ಎಷ್ಟು ಉಳಿದಿದೆ ಅನ್ನುವುದರ ಮೇಲೆ ಅಲ್ಲ.

ನಿಜವಾದ ನಿಯಮ ಇರುವುದು ದಹನ ಆದ ಮೇಲೆ, ಅದನ್ನು ಮಾತ್ರ ಯಾರೂ ಕೇಳುವುದಿಲ್ಲ. 2016ರಲ್ಲಿ ವ್ಯಾಟಿಕನ್ ಸ್ಪಷ್ಟವಾಗಿ ಹೇಳಿತು: ಚಿತಾಭಸ್ಮವನ್ನು ಸಮಾಧಿ ಸ್ಥಳದಂಥ ಪವಿತ್ರ ಜಾಗದಲ್ಲಿ ಇಡಬೇಕು. ನೀರಿಗೆ, ಗಾಳಿಗೆ ಬಿಡುವಂತಿಲ್ಲ, ಮಕ್ಕಳು ಹಂಚಿಕೊಳ್ಳುವಂತಿಲ್ಲ, ಲಾಕೆಟ್ ಮಾಡಿಸುವಂತಿಲ್ಲ, ಮನೆಯಲ್ಲಿ ಸುಮ್ನೆ ಇಟ್ಟುಕೊಳ್ಳುವಂತಿಲ್ಲ. 2023ರ ಕೊನೆಗೆ ಸ್ವಲ್ಪ ಸಡಿಲ ಮಾಡಿದರು: ತೀರಿಕೊಂಡವರ ಬದುಕಿನಲ್ಲಿ ಮುಖ್ಯವಾಗಿದ್ದ ಒಂದು ಜಾಗದಲ್ಲಿ ತೀರಾ ಚಿಕ್ಕ ಭಾಗವನ್ನು ಇಡಲು ಧರ್ಮಸಭೆಯ ಅಧಿಕಾರಿಗಳು ಅನುಮತಿ ಕೊಡಬಹುದು. ಕೇಳಿಯೇ ಮಾಡಬೇಕು.

ಇನ್ನು ಏರ್ಪಾಡು. ಮೊದಲು ಫಾದರ್‌ಗೆ ಫೋನ್ ಮಾಡಿ, ಆಮೇಲೆ ದಹನದ ಸಮಯ ಗೊತ್ತು ಮಾಡಿ. ತುಂಬಾ ಜನ ಇದನ್ನು ಉಲ್ಟಾ ಮಾಡಿ ಒದ್ದಾಡುತ್ತಾರೆ. ಹಿಂದಿನ ಸಂಜೆ ಜಾಗರಣೆ ಪ್ರಾರ್ಥನೆ, ಮರುದಿನ ದೇಹವನ್ನು ಚರ್ಚಿಗೆ ತಂದು ಬಲಿಪೂಜೆ, ಆಮೇಲೆ ದಹನ, ಕೊನೆಗೆ ಭಸ್ಮವನ್ನು ಸಮಾಧಿಗೆ ಇಡುವುದು, ಇದು ಸರಿಯಾದ ಕ್ರಮ. ದಹನ ಮೊದಲೇ ಆಗಿದ್ದರೂ ಬಲಿಪೂಜೆ ತಪ್ಪುವುದಿಲ್ಲ. ಆದರೆ ಭಸ್ಮವನ್ನು ಪೂಜೆಯ ಹೊತ್ತಿಗೆ ಚರ್ಚಿನೊಳಗೆ ತರಬಹುದೇ ಅನ್ನುವುದನ್ನು ನಿಮ್ಮ ಧರ್ಮಕೇಂದ್ರದಲ್ಲಿ (ನಿಮ್ಮ ಊರಿನ ಚರ್ಚಿನಲ್ಲಿ) ಕೇಳಿ. ಪವಿತ್ರ ಗುರುವಾರ, ಶುಭ ಶುಕ್ರವಾರ, ಪವಿತ್ರ ಶನಿವಾರ ಮತ್ತು ಆಗಮನ (ಕ್ರಿಸ್ಮಸ್‌ಗೆ ಮುಂಚಿನ), ತಪಸ್ಸು (ಈಸ್ಟರ್‌ಗೆ ಮುಂಚಿನ), ಪಾಸ್ಕ (ಈಸ್ಟರ್) ಕಾಲದ ಭಾನುವಾರಗಳಲ್ಲಿ ಅಂತ್ಯಕ್ರಿಯೆಯ ಬಲಿಪೂಜೆ ಇರುವುದಿಲ್ಲ. ಆ ದಿನಗಳಲ್ಲಿ ಪ್ರಾರ್ಥನೆಯೊಂದಿಗೆ ಸಂಸ್ಕಾರ ಮುಗಿಸಿ ಪೂಜೆಯನ್ನು ಬೇರೆ ದಿನ ಇಟ್ಟುಕೊಳ್ಳಬಹುದು.

ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ, ಯಾಕೆಂದರೆ ಇದನ್ನು ಕೇಳಲು ಜನ ನಾಚಿಕೆಪಡುತ್ತಾರೆ. ಆತ್ಮಹತ್ಯೆ ಮಾಡಿಕೊಂಡವರಿಗೆ ಚರ್ಚ್ ಬಾಗಿಲು ಮುಚ್ಚುತ್ತದೆ ಎನ್ನುವುದೂ 1917ರ ಕಾನೂನಿನ ಪಳೆಯುಳಿಕೆ. 1983ರ ಕಾನೂನಿನಲ್ಲಿ ಆ ನಿಷೇಧ ಇಲ್ಲ. ಅಂಥವರ ರಕ್ಷಣೆಯ ಬಗ್ಗೆ ಆಸೆ ಬಿಡಬಾರದು, ಧರ್ಮಸಭೆ ಅವರಿಗಾಗಿ ಪ್ರಾರ್ಥಿಸುತ್ತದೆ ಎಂದು ಧರ್ಮೋಪದೇಶವೇ (ಧರ್ಮಸಭೆಯ ಅಧಿಕೃತ ಬೋಧನೆಯ ಪುಸ್ತಕ) ಹೇಳುತ್ತದೆ. ಅದು ಮೊದಲೇ ನೊಂದು ಕೂತ ಮನೆ, ಅಲ್ಲಿ ಹೋಗಿ ಈ ಸುಳ್ಳನ್ನು ಹೇಳಬೇಡಿ, ದಯವಿಟ್ಟು. ವರ್ಷಗಟ್ಟಲೆ ಪೂಜೆಗೆ ಬರದವರಿಗೂ ಅಂತ್ಯಕ್ರಿಯೆ ಕೇಳಬಹುದು. ದೀಕ್ಷಾಸ್ನಾನ (ಬ್ಯಾಪ್ಟಿಸಮ್) ಕೊಡಿಸಬೇಕೆಂದಿದ್ದು, ಅಷ್ಟರಲ್ಲಿ ತೀರಿಕೊಂಡ ಕೂಸಿಗೂ ಬಿಷಪ್ ಅನುಮತಿ ಕೊಡಬಹುದು. ಅಂತ್ಯಕ್ರಿಯೆಯನ್ನು ನಿರಾಕರಿಸುವ ಕಾರಣಗಳು ಕಾನೂನಿನಲ್ಲಿ ಕೆಲವೇ ಇವೆ. ಅಲ್ಲೂ ಸಂಶಯ ಬಂದರೆ ಬಿಷಪರನ್ನು ಕೇಳಿ ಅವರ ತೀರ್ಮಾನದಂತೆ ನಡೆಯಬೇಕು ಎಂದು 1184ನೇ ವಿಧಿ ಹೇಳುತ್ತದೆ. ಸಂಬಂಧಿಕರಿಗೆ ಆ ಅಧಿಕಾರ ಇಲ್ಲ.